ಮಾಲಗಾದಲ್ಲಿ ಒಂದು ವಾರ: ಮೊದಲು ಏನು ಕಾದಿರಿಸಬೇಕು, ಏನನ್ನು ಬಿಡಬೇಕು

"ಸ್ಪೇನಿಗೆ ಒಂದು ವಾರ ಹೋಗ್ತಿದ್ದೀವಿ. ಬಾರ್ಸಿಲೋನಾ, ಮ್ಯಾಡ್ರಿಡ್, ಸೆವಿಯಾ ಮೂರೂ ಆಗುತ್ತಾ? ಸಮುದ್ರವೂ ಬೇಕು." ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ನನ್ನ ಉತ್ತರ ಪ್ರತಿ ಸಲವೂ ಒಂದೇ. ಮೂರು ಊರು ಸುತ್ತಿದರೆ ನಿಮ್ಮ ರಜೆಯ ಅರ್ಧ ಭಾಗ ಪೆಟ್ಟಿಗೆ ಕಟ್ಟುವುದರಲ್ಲಿ, ಬಿಚ್ಚುವುದರಲ್ಲಿ ಮುಗಿದುಹೋಗುತ್ತದೆ. ಸಮುದ್ರ ತೀರದ ಒಂದು ಊರಲ್ಲಿ ಬಿಡಾರ ಹೂಡಿ, ಅಲ್ಲಿಂದ ಬೆಳಗ್ಗೆ ಹೊರಟು ರಾತ್ರಿ ಮರಳುವಂತೆ ಸುತ್ತಮುತ್ತಲಿನ ಜಾಗಗಳನ್ನು ನೋಡಿ. ಅದಕ್ಕೆ ಮಾಲಗಾದಷ್ಟು ಅನುಕೂಲದ ಊರು ನನಗೆ ಸ್ಪೇನಿನಲ್ಲಿ ಬೇರೆ ಕಂಡಿಲ್ಲ.

ಮಾಲಗಾ ಇರುವುದು ದೇಶದ ದಕ್ಷಿಣದ ಅಂದಲೂಸಿಯಾ ಪ್ರಾಂತ್ಯದಲ್ಲಿ, ಮೆಡಿಟರೇನಿಯನ್ ಕಡಲ ದಂಡೆಯ ಮೇಲೆ. ವಿಮಾನ ನಿಲ್ದಾಣಕ್ಕೇ ಲೋಕಲ್ ರೈಲು ಬರುತ್ತದೆ. ಸಾವಿರ ವರ್ಷದ ಕೋಟೆಯಿಂದ ಇಳಿದು ಕಾಲು ಗಂಟೆ ನಡೆದರೆ ಮರಳು ಸಿಗುತ್ತದೆ. ಬಸ್ಸು ಹತ್ತಿದರೆ ಗ್ರಾನಡಾ, ರೋಂಡಾ, ನೇರ್ಹಾ ಎಲ್ಲವೂ ಎರಡು ಗಂಟೆಯ ಆಸುಪಾಸಿನಲ್ಲಿವೆ. ಬಾಡಿಗೆ ಕಾರು ಬೇಕಾಗಿಲ್ಲ.

ಹಂತ 1: ತಿಂಗಳು ಆರಿಸಿ

ಮೇ, ಜೂನ್, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್. ಈಜುವ ಆಸೆಯಿದ್ದರೆ ಸೆಪ್ಟೆಂಬರೇ ಉತ್ತಮ, ಬೇಸಿಗೆಯಿಡೀ ಕಾದ ನೀರು ಆಗ ಇನ್ನೂ ತಣ್ಣಗಾಗಿರುವುದಿಲ್ಲ. ನಮ್ಮ ಶಾಲೆಗಳ ಏಪ್ರಿಲ್ ರಜೆಯಲ್ಲಿ ಹೋಗುವವರಿಗೆ ಊರು ಸುತ್ತಲು ಹವೆ ಹಿತವಾಗಿರುತ್ತದೆ, ಆದರೆ ಕಡಲು ಚಳಿ ಹಿಡಿಸುತ್ತದೆ.

ಜುಲೈ, ಆಗಸ್ಟಿನಲ್ಲಿ 'ತೆರ್ರಾಲ್' ಎಂಬ ಗಾಳಿ ಬೀಸುವ ದಿನಗಳಿವೆ. ಇದು ಕಡಲ ಕಡೆಯಿಂದ ಬರುವ ಗಾಳಿಯಲ್ಲ, ಒಳನಾಡಿನ ಬೆಟ್ಟ ಇಳಿದು ಬರುವ ಒಣ ಬಿಸಿಗಾಳಿ. ಆ ದಿನಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಬಳ್ಳಾರಿ, ರಾಯಚೂರಿನವರಿಗೆ ಇದರ ಅಂದಾಜಿರುತ್ತದೆ, ಬೆಂಗಳೂರಿನವರಿಗೆ ಕಷ್ಟ. ಆಗಸ್ಟ್ ಮಧ್ಯದಲ್ಲಿ ಊರ ಜಾತ್ರೆ 'ಫೇರಿಯಾ' ನಡೆಯುತ್ತದೆ, ಈಸ್ಟರ್‌ಗೆ ಮುಂಚಿನ ವಾರದಲ್ಲಿ 'ಸೆಮಾನಾ ಸಾಂತಾ' ಮೆರವಣಿಗೆಗಳು. ಎರಡೂ ನೋಡತಕ್ಕವೇ. ಆದರೆ ಕೋಣೆ ಸಿಗುವುದು ಕಷ್ಟ, ಬೀದಿಗಳು ಮುಚ್ಚಿರುತ್ತವೆ. ಬೇಕೆಂದೇ ಹೋಗುವುದಾದರೆ ಹೋಗಿ, ತಿಳಿಯದೆ ಸಿಕ್ಕಿಹಾಕಿಕೊಳ್ಳಬೇಡಿ.

ಹಂತ 2: ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಷೆಂಗೆನ್ ಎಂದರೆ ಯುರೋಪಿನ ಹಲವು ದೇಶಗಳು ಸೇರಿ ಮಾಡಿಕೊಂಡ ಒಂದೇ ಗಡಿ. ಒಂದು ವೀಸಾದಲ್ಲಿ ಎಲ್ಲ ಕಡೆ ಓಡಾಡಬಹುದು. ಸ್ಪೇನಿನ ಪರವಾಗಿ ಅರ್ಜಿ ಪಡೆಯುವುದು ಬಿಎಲ್‌ಎಸ್ ಇಂಟರ್‌ನ್ಯಾಷನಲ್ ಎಂಬ ಕಂಪನಿ. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೊ, 6 ತುಂಬಿ 12 ಆಗದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಪಡೆಯುವ ಕೇಂದ್ರದ ಸೇವಾ ಶುಲ್ಕ ಬೇರೆ.

ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲು ಎನ್ನುವುದು ನಿಯಮ, ಆದರೆ ಅದನ್ನು ನಂಬಿ ಕೂರಬೇಡಿ. ಬೇಸಿಗೆಯಲ್ಲಿ ಅರ್ಜಿ ಕೊಡುವ ದಿನಾಂಕ ಸಿಗುವುದೇ ತಡವಾಗುತ್ತದೆ. ಮೂರು ತಿಂಗಳು ಮೊದಲೇ ಕೆಲಸ ಶುರುಮಾಡಿ.

ಎಡವುವ ಜಾಗಗಳು ಮೂರು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು, ಅಷ್ಟೂ ದಿನಗಳಿಗೆ ಇರಬೇಕು. ಪಾಸ್‌ಪೋರ್ಟ್ ನೀವು ಮರಳುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಮೂರನೆಯದರಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು: ಹೆಚ್ಚು ದಿನ ಯಾವ ದೇಶದಲ್ಲಿರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಸ್ಪೇನಿನಲ್ಲಿ ಏಳು ದಿನ ಇದ್ದು, ಪ್ಯಾರಿಸ್‌ನಲ್ಲಿ ಎರಡು ದಿನ ಇಳಿದು ಹೋಗುವವರು ಫ್ರಾನ್ಸಿಗೆ ಅರ್ಜಿ ಹಾಕಿದರೆ ತೊಂದರೆ.

ವೀಸಾ ಬರುವವರೆಗೆ ರದ್ದು ಮಾಡಿದರೆ ದುಡ್ಡು ಮರಳುವಂಥ ಕೋಣೆಯನ್ನೇ ಕಾದಿರಿಸಿ.

ಹಂತ 3: ಎರಡು ಟಿಕೆಟ್, ವೀಸಾ ಬಂದ ದಿನವೇ

ಉಳಿದದ್ದೆಲ್ಲ ಹೋದ ಮೇಲೂ ಆಗುತ್ತದೆ. ಈ ಎರಡು ಮಾತ್ರ ಆಗುವುದಿಲ್ಲ.

ಒಂದು, ಗ್ರಾನಡಾದ ಅಲ್ಹಾಂಬ್ರಾ, ನಸ್ರಿ ವಂಶದ ಮುಸ್ಲಿಂ ಅರಸರ ಕೋಟೆ, ಅರಮನೆ, ತೋಟಗಳ ಸಮೂಹ. ಟಿಕೆಟ್ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆಗೆ ಕಟ್ಟಿರುತ್ತದೆ. ಒಳಗಿನ ನಸ್ರಿ ಅರಮನೆಗಳಿಗೆ ಪ್ರತ್ಯೇಕ ಸಮಯ ಬರೆದಿರುತ್ತಾರೆ, ಆ ಸಮಯ ತಪ್ಪಿದರೆ ಅರಮನೆಯೊಳಗೆ ಬಿಡುವುದಿಲ್ಲ. ತೋಟ ಮತ್ತು ಕೋಟೆಗೆ ಮಾತ್ರದ ಟಿಕೆಟ್ ಕೂಡ ಮಾರುತ್ತಾರೆ. ಅದನ್ನು ಪೂರ್ತಿ ಟಿಕೆಟ್ ಎಂದುಕೊಂಡು ಕೊಂಡವರು ಅಷ್ಟು ದೂರ ಹೋಗಿ ಕಲ್ಲಿನ ಕೆತ್ತನೆಯಂತೆ ಕಾಣುವ ಗಾರೆ ಕೆಲಸದ ಆ ಚಾವಣಿಗಳನ್ನು ನೋಡದೇ ಬರುತ್ತಾರೆ. ಕೊಳ್ಳುವ ಮೊದಲು 'ನಸ್ರಿ ಅರಮನೆ' ಸೇರಿದೆಯೇ ಎಂದು ಎರಡು ಸಲ ನೋಡಿ. ಮಾಲಗಾದಿಂದ ಹೊರಡುವವರು ಬೆಳಗ್ಗೆ 11ಕ್ಕಿಂತ ಮುಂಚಿನ ಸಮಯ ಆರಿಸಬೇಡಿ.

ಎರಡು, ಕಮಿನಿತೊ ದೆಲ್ ರೇ. 'ರಾಜನ ಕಿರುದಾರಿ' ಎಂದರ್ಥ. ಗೈತಾನೆಸ್ ಎಂಬ ಕಡಿದಾದ ಕಮರಿಯ ಬಂಡೆಗೋಡೆಗೆ, ನದಿಯಿಂದ ಸುಮಾರು 100 ಮೀಟರ್ ಎತ್ತರದಲ್ಲಿ ಹೊಡೆದು ಕೂರಿಸಿದ ಹಲಗೆ ದಾರಿ ಇದು. ಜಲವಿದ್ಯುತ್ ಕೆಲಸಗಾರರು ಓಡಾಡಲೆಂದು 1901ರಿಂದ 1905ರವರೆಗೆ ಕಟ್ಟಿದ್ದು. 1921ರಲ್ಲಿ ರಾಜ 13ನೇ ಅಲ್ಫೋನ್ಸೊ ಇಲ್ಲಿ ನಡೆದಿದ್ದರಿಂದ ಈ ಹೆಸರು. ಶಿಥಿಲವಾಗಿ ಮುಚ್ಚಿದ್ದನ್ನು ಹೊಸದಾಗಿ ಕಟ್ಟಿ 2015ರಲ್ಲಿ ತೆರೆದರು. 8 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಸೋಮವಾರ ರಜೆ. ಟಿಕೆಟ್ ತಿಂಗಳುಗಳ ಮುಂಚೆಯೇ ಖಾಲಿಯಾಗುತ್ತದೆ. ಬರಿಯ ಪ್ರವೇಶ ಸಿಗದಿದ್ದರೆ ಮಾರ್ಗದರ್ಶಿ ಸಮೇತದ ಟಿಕೆಟ್ ನೋಡಿ, ಅದು ಕೆಲವೊಮ್ಮೆ ಉಳಿದಿರುತ್ತದೆ.

ಮನೆಯಲ್ಲಿ ಎತ್ತರಕ್ಕೆ ಹೆದರುವವರಿದ್ದರೆ, ಮಂಡಿ ನೋವಿನ ಹಿರಿಯರಿದ್ದರೆ ಕಮಿನಿತೊ ಬಿಟ್ಟುಬಿಡಿ. ಅರ್ಧ ದಾರಿಯಲ್ಲಿ ಹಿಂದಿರುಗುವ ಹಾಗಿಲ್ಲ, ದಾರಿ ಒಮ್ಮುಖ.

ಹಂತ 4: ತಲುಪುವುದು, ಉಳಿಯುವುದು

ಬೆಂಗಳೂರಿನಿಂದ ಮಾಲಗಾಕ್ಕೆ ನೇರ ವಿಮಾನವಿಲ್ಲ. ಯುರೋಪಿನ ಯಾವುದಾದರೂ ದೊಡ್ಡ ನಿಲ್ದಾಣದಲ್ಲಿ ಬದಲಿಸಿ ಮಾಲಗಾಕ್ಕೇ ಇಳಿಯಬಹುದು, ಇಲ್ಲವೇ ಮ್ಯಾಡ್ರಿಡ್‌ಗೆ ಬಂದು ಅತಿವೇಗದ ರೈಲು 'ಆವೆ' ಹಿಡಿಯಬಹುದು. ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ಮಾಲಗಾಕ್ಕೆ ಎರಡೂವರೆಯಿಂದ ಮೂರು ಗಂಟೆ. ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ ನಡುವೆ ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಿ.

ಮಾಲಗಾ ವಿಮಾನ ನಿಲ್ದಾಣದಿಂದ ಊರಿಗೆ 'ಸೆರ್ಕಾನಿಯಾಸ್', ಅಂದರೆ ಲೋಕಲ್ ರೈಲು, ಸಿ1 ಮಾರ್ಗ. ಸುಮಾರು 20 ನಿಮಿಷಕ್ಕೊಂದು, ಊರು ಸೇರಲು 12 ನಿಮಿಷ. ಇದೇ ರೈಲು ಎದುರು ದಿಕ್ಕಿನಲ್ಲಿ ಫುಎನ್‌ಹಿರೋಲಾಕ್ಕೆ ಹೋಗುತ್ತದೆ. ಫಲಕ ಓದದೆ ಹತ್ತಬೇಡಿ. ಹಳೆಯ ಊರಿಗೆ ಕೊನೆಯ ನಿಲ್ದಾಣ 'ಸೆಂತ್ರೊ ಅಲಮೇದಾ'ದಲ್ಲಿ ಇಳಿಯಿರಿ. ಅದರ ಹಿಂದಿನದು 'ಮರಿಯಾ ಸಾಂಬ್ರಾನೊ', ದೂರದ ರೈಲುಗಳ ಮುಖ್ಯ ನಿಲ್ದಾಣ. ಬಸ್ ನಿಲ್ದಾಣವೂ ಅದರ ಪಕ್ಕದಲ್ಲೇ.

ಕೋಣೆಯನ್ನು ಈ ಎರಡು ನಿಲ್ದಾಣಗಳ ಆಸುಪಾಸಿನಲ್ಲಿ ಹಿಡಿಯಿರಿ. ಹಳೆಯ ಊರಿನ ನಟ್ಟನಡುವೆ ಉಳಿದರೆ ರಾತ್ರಿ ಎರಡರವರೆಗೆ ಕಿಟಕಿಯ ಕೆಳಗೆ ಮಾತು, ನಗು. ಚಿಕ್ಕ ಮಕ್ಕಳಿದ್ದರೆ ಸ್ವಲ್ಪ ದೂರವೇ ವಾಸಿ. ದುಂಡು ಕಡ್ಡಿಯ ಎರಡು ಪಿನ್ನಿನ ಪ್ಲಗ್ ಅಲ್ಲಿನದು. ನಮ್ಮ ಮೂರು ಪಿನ್ನಿನ ಚಾರ್ಜರ್‌ಗೆ ಅಡಾಪ್ಟರ್ ಬೇಕು.

ಹಂತ 5: ಗಡಿಯಾರ ಬದಲಿಸಿಕೊಳ್ಳಿ

ಇದೊಂದನ್ನು ಒಪ್ಪಿಕೊಂಡರೆ ಅರ್ಧ ಪ್ರವಾಸ ಸಲೀಸು. ಮಧ್ಯಾಹ್ನದ ಊಟ 2ರಿಂದ 4. ರಾತ್ರಿಯೂಟ 9ರ ನಂತರ. ಸಂಜೆ ಏಳಕ್ಕೆ ಮಕ್ಕಳಿಗೆ ಹಸಿವಾಯಿತೆಂದು ಹೋದರೆ ಅಡುಗೆಮನೆ ಮುಚ್ಚಿರುತ್ತದೆ, ಕುಡಿಯಲು ಮಾತ್ರ ಏನಾದರೂ ಸಿಗುತ್ತದೆ. ಚಿಕ್ಕ ಅಂಗಡಿಗಳು ಮಧ್ಯಾಹ್ನ 2ರಿಂದ 5ರವರೆಗೆ ಬಾಗಿಲು ಹಾಕುತ್ತವೆ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ, ಹಾಲು, ಹಣ್ಣು, ಬ್ರೆಡ್ ಶನಿವಾರವೇ ತಂದಿಡಿ.

ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಆದ್ದರಿಂದ ಬೆಳಗ್ಗೆ ನೋಡುವ ಜಾಗ, ಮಧ್ಯಾಹ್ನ ದೊಡ್ಡ ಊಟ ಮತ್ತು ನಿದ್ದೆ, ಆರರ ನಂತರ ಕಡಲು. ಆ ಊರಿನವರು ಬದುಕುವುದೂ ಹಾಗೆಯೇ.

ಹಂತ 6: ಊರಿಗೆ ಎರಡು ದಿನ

ಮೊದಲ ಬೆಳಗ್ಗೆ ಅಲ್ಕಸಾಬಾ, 11ನೇ ಶತಮಾನದ ಮುಸ್ಲಿಂ ಅರಸರ ಕೋಟೆಯರಮನೆ. ಈ ಹೆಸರಿನೊಳಗಿನ ಅರಬ್ಬಿ ಪದವೂ ನಮ್ಮ 'ಕಸಬಾ ಹೋಬಳಿ'ಯ ಕಸಬಾವೂ ಒಂದೇ. ಕೆಳಗೇ ರೋಮನ್ನರ ರಂಗಮಂದಿರವಿದೆ. ನೂರಾರು ವರ್ಷ ಮಣ್ಣಿನಡಿ ಹುಗಿದಿದ್ದು 1951ರಲ್ಲಿ ಬೆಳಕಿಗೆ ಬಂತು. ಅಲ್ಕಸಾಬಾದ ಮೇಲೆ ಗುಡ್ಡದ ತುದಿಯಲ್ಲಿ ಹಿಬ್ರಾಲ್ಫಾರೊ ಕೋಟೆ. ಎರಡನ್ನೂ ಜೋಡಿಸುವ ಗೋಡೆ ಕಣ್ಣಿಗೆ ಕಾಣುತ್ತದೆ, ಆದರೆ ಒಳಗಿನಿಂದ ದಾರಿಯಿಲ್ಲ. ಹೊರಗೆ ಬಂದು ಏರು ಹತ್ತಬೇಕು, ಇಲ್ಲವೇ 35ನೇ ನಂಬರಿನ ಬಸ್ಸು ಹಿಡಿಯಬೇಕು. ಬಸ್ಸಲ್ಲಿ ಹತ್ತಿ, ನಡೆದು ಇಳಿಯಿರಿ. ಭಾನುವಾರ ಮಧ್ಯಾಹ್ನ 2ರ ನಂತರ ಎರಡೂ ಉಚಿತ, ಸರದಿಯೂ ಉದ್ದ.

ಕೆಥೆಡ್ರಲ್ಲನ್ನು ಊರವರು 'ಲಾ ಮಂಕಿತಾ', ಒಂಟಿಗೈಯವಳು, ಎನ್ನುತ್ತಾರೆ. 1528ರಲ್ಲಿ ಶುರುವಾದ ಕೆಲಸ 1782ರಲ್ಲಿ ನಿಂತುಹೋಯಿತು, ದಕ್ಷಿಣದ ಗೋಪುರ ಮೇಲೇಳಲೇ ಇಲ್ಲ. ಚಿತ್ರಕಾರ ಪಿಕಾಸೊ ಹುಟ್ಟಿದ್ದು ಇದೇ ಊರಲ್ಲಿ, 1881ರ ಅಕ್ಟೋಬರ್ 25ರಂದು, ಮೆರ್ಸೆದ್ ಚೌಕದ ಮನೆಯಲ್ಲಿ. ಆ ಮನೆ ಬೇರೆ, 2003ರಲ್ಲಿ ತೆರೆದ ಪಿಕಾಸೊ ಮ್ಯೂಸಿಯಂ ಬೇರೆ. ಒಂದಕ್ಕೇ ಸಮಯವಿದ್ದರೆ ಮ್ಯೂಸಿಯಂ ನೋಡಿ.

ನನ್ನನ್ನು ಕೇಳಿದರೆ ಎರಡನೆಯ ಬೆಳಗ್ಗೆಯನ್ನು ಅತರಸಾನಾಸ್ ಮಾರುಕಟ್ಟೆಗೆ ಕೊಡಿ. 14ನೇ ಶತಮಾನದಲ್ಲಿ ಅದು ಹಡಗು ಕಟ್ಟುವ ಜಾಗವಾಗಿತ್ತು. ಆಗಿನ ಕುದುರೆಲಾಳದ ಕಮಾನು ಈಗಲೂ ಹೆಬ್ಬಾಗಿಲು. ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಭಾನುವಾರ ಇಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋದರೆ ಅಲ್ಲಿ ಮಾವಿನಹಣ್ಣು ನೋಡುತ್ತೀರಿ. ಮಾಲಗಾದ ಪೂರ್ವಕ್ಕಿರುವ ಅಕ್ಸಾರ್ಕಿಯಾ ಸೀಮೆಯಲ್ಲಿ ಮಾವಿನ ತೋಟಗಳೇ ಇವೆ. ನಮ್ಮಲ್ಲಿ ಮಾವು ಮುಗಿದು ತಿಂಗಳುಗಳಾದ ಮೇಲೆ ಅಲ್ಲಿ ಸುಗ್ಗಿ. ಒಂದು ಕೊಂಡು ತಿನ್ನಿ. ಬಾದಾಮಿ, ರಸಪುರಿಗೆ ಹೋಲಿಸಬೇಡಿ, ಅದರ ಪಾಡಿಗೆ ಅದು ಚೆನ್ನಾಗಿದೆ.

ಹಂತ 7: ಕಡಲು

ಊರಿಗೆ ಅಂಟಿದ ಮಲಗೇತಾ ಬೀಚ್ ಎಲ್ಲರಿಗೂ ಗೊತ್ತು. 11ನೇ ನಂಬರಿನ ಬಸ್ಸಿನಲ್ಲಿ ಪೂರ್ವಕ್ಕೆ ಹೋಗಿ ಪೆದ್ರೆಗಲೇಹೊ ಅಥವಾ ಎಲ್ ಪಾಲೊದಲ್ಲಿ ಇಳಿದರೆ ಹಳೆಯ ಬೆಸ್ತರ ಕೇರಿಗಳು, ಒಂದಂತಸ್ತಿನ ಮನೆಗಳು, ಸಣ್ಣ ಸಣ್ಣ ಕೊಲ್ಲಿಗಳು. ಮಕ್ಕಳಿಗೆ ಇದೇ ಒಳ್ಳೆಯದು. ಮರಳು ಬೂದು ಬಣ್ಣದ್ದು, ಬೇಸಿಗೆಯಲ್ಲಿ ಕಾಲು ಸುಡುತ್ತದೆ, ಚಪ್ಪಲಿ ನೀರಿನಂಚಿನವರೆಗೂ ಇರಲಿ.

ನೀರು ನೀವು ಎಣಿಸಿದ್ದಕ್ಕಿಂತ ತಣ್ಣಗಿರುತ್ತದೆ. ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಅಟ್ಲಾಂಟಿಕ್ ನೀರು ಇಲ್ಲಿಗೆ ಹರಿದು ಬರುವುದೇ ಕಾರಣ. ಬಾವುಟ ನೋಡಿ ಇಳಿಯಿರಿ: ಹಸಿರು ಸರಿ, ಹಳದಿ ಎಚ್ಚರ, ಕೆಂಪು ಇಳಿಯಲೇಬಾರದು. 'ಮೆದೂಸಾ' ಎಂದು ಯಾರಾದರೂ ಕೂಗಿದರೆ ಅಂಬಲಿ ಮೀನು (ಜೆಲ್ಲಿಫಿಶ್) ಬಂದಿದೆ ಎಂದರ್ಥ, ಮಕ್ಕಳನ್ನು ಮೇಲಕ್ಕೆ ಕರೆತನ್ನಿ. ಬಟ್ಟೆಯ ಬಗ್ಗೆ ಹಲವರು ಸಂಕೋಚದಿಂದ ಕೇಳುತ್ತಾರೆ. ಟೀಶರ್ಟ್, ಲೆಗ್ಗಿಂಗ್ಸ್ ಹಾಕಿ ಇಳಿದರೂ ಯಾರೂ ತಿರುಗಿ ನೋಡುವುದಿಲ್ಲ. ಮೇಲುಡುಗೆಯಿಲ್ಲದೆ ಬಿಸಿಲು ಕಾಯಿಸುವ ಹೆಂಗಸರು ಇರುತ್ತಾರೆ, ಅದು ಅಲ್ಲಿ ಸಾಮಾನ್ಯ. ದಂಡೆಯಲ್ಲಿ ಫೋನ್ ಹಿಡಿದು ಫೋಟೊ ತೆಗೆಯುವಾಗ ಇದು ನೆನಪಿರಲಿ.

ಹಂತ 8: ಊಟ

ಸಸ್ಯಾಹಾರಿಗಳ ಕಷ್ಟ ನಿಜ, ಆದರೆ ಉಪವಾಸ ಬೀಳುವಷ್ಟಲ್ಲ. ಮುಖ್ಯ ಎಚ್ಚರಿಕೆ ಏನೆಂದರೆ, 'ಕಾರ್ನೆ' (ಮಾಂಸ) ಬೇಡ ಎಂದರೆ ಸಾಲದು. ಹಂದಿ ತೊಡೆಯ ಒಣಮಾಂಸ 'ಹಮೊನ್' ಮತ್ತು ಟ್ಯೂನಾ ಮೀನು 'ಅತುನ್' ಅನೇಕರ ಲೆಕ್ಕದಲ್ಲಿ ಆ ಪದದೊಳಗೆ ಬರುವುದಿಲ್ಲ. 'ಎನ್ಸಲಾದಾ ಮಿಸ್ತಾ' ಎಂಬ ಸಾದಾ ಸಲಾಡಿನ ಮೇಲೆ ಟ್ಯೂನಾ ಇರುತ್ತದೆ. 'ವೆಹೆತಾಲ್' ಎಂದು ಬರೆದ ಸ್ಯಾಂಡ್‌ವಿಚ್ಚಿನಲ್ಲೂ ಇರಬಹುದು. ಕಡಲೆ, ಬೇಳೆಯ ಸಾರುಗಳಿಗೆ ಮೂಳೆ ಹಾಕಿ ಕುದಿಸುವುದುಂಟು. ಆದ್ದರಿಂದ ಈ ವಾಕ್ಯವನ್ನು ಬಾಯಿಪಾಠ ಮಾಡಿ: "ನೊ ಕೋಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೊನ್." ಮಾಂಸ, ಮೀನು, ಹಮೊನ್ ಯಾವುದೂ ತಿನ್ನುವುದಿಲ್ಲ ಎಂದು. ಮೊಟ್ಟೆಯೂ ಬೇಡವಾದರೆ "ನಿ ವೇವೊ" ಸೇರಿಸಿ.

ಧೈರ್ಯವಾಗಿ ಕೇಳಬಹುದಾದವು ಹೇಳುತ್ತೇನೆ. ಅಹೊಬ್ಲಾಂಕೊ: ಬಾದಾಮಿ, ಬೆಳ್ಳುಳ್ಳಿ, ಬ್ರೆಡ್, ಆಲಿವ್ ಎಣ್ಣೆ ಅರೆದು ಮಾಡುವ ತಣ್ಣನೆಯ ಬಿಳಿ ಸಾರು, ಮೇಲೆ ದ್ರಾಕ್ಷಿ, ಮಾಲಗಾ ಸೀಮೆಯದೇ ಅಡುಗೆ. ಗಸ್ಪಾಚೊ ಟೊಮೆಟೊದ ತಣ್ಣನೆ ಸಾರು. ಅದರಂತೆಯೇ ಕಾಣುವ ಸಲ್ಮೊರೇಹೊ ಮಾತ್ರ ಮೊಟ್ಟೆ, ಹಮೊನ್ ಉದುರಿಸಿಕೊಂಡು ಬರುತ್ತದೆ, "ಸಿನ್ ಹಮೊನ್" ಎನ್ನಿ. ಹುರಿದ ಹಸಿ ಮೆಣಸಿನಕಾಯಿ 'ಪಿಮಿಯೆಂತೊಸ್ ದೆ ಪದ್ರೋನ್', ಖಾರದ ಸಾಸಿನ ಆಲೂಗಡ್ಡೆ 'ಪತಾತಾಸ್ ಬ್ರಾವಾಸ್' ಎಲ್ಲೆಡೆ ಸಿಗುತ್ತವೆ.

ಇವೆಲ್ಲದರಲ್ಲಿ ತಪ್ಪಿಸಲೇಬಾರದ್ದು 'ಬೆರೆನ್ಹೇನಾಸ್ ಕೊನ್ ಮಿಯೆಲ್ ದೆ ಕಾನ್ಯಾ'. ಗರಿಗರಿ ಕರಿದ ಬದನೆಕಾಯಿ ಮೇಲೆ 'ಕಬ್ಬಿನ ಜೇನು' ಸುರಿದು ಕೊಡುತ್ತಾರೆ. ಜೇನು ಎಂದು ಹೆಸರು, ವಾಸ್ತವದಲ್ಲಿ ಅದು ಕಬ್ಬಿನ ಹಾಲನ್ನು ಕಾಯಿಸಿ ಮಾಡಿದ ಪಾಕ. ಮಲೆನಾಡಿನವರು ಮೊದಲ ತುತ್ತಿಗೇ ಗುರುತು ಹಿಡಿಯುತ್ತಾರೆ: ನಮ್ಮ ಜೋನಿಬೆಲ್ಲದ ನಂಟಸ್ತಿಕೆ ಅದು. ಕಬ್ಬನ್ನು ಈ ತೀರಕ್ಕೆ ತಂದವರು ಅರಬರು. ಸಕ್ಕರೆಗೆ ಸ್ಪೇನಿನವರು ಹೇಳುವ 'ಅಸೂಕರ್' ಕೂಡ ಅರಬ್ಬಿಯ ಮೂಲಕ ಹೋದ ನಮ್ಮ 'ಶರ್ಕರಾ'. ಈ ಪಾಕವನ್ನು ಇಂದಿಗೂ ಕಾಯಿಸುವುದು ಹತ್ತಿರದ ಫ್ರಿಹಿಲಿಯಾನಾ ಹಳ್ಳಿಯಲ್ಲಿ.

ಮೀನು ತಿನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. 'ಎಸ್ಪೆತೊ' ಎಂದರೆ ಬೂತಾಯಿ ಮೀನನ್ನು ಸಲಾಕೆಗೆ ಸಾಲಾಗಿ ಚುಚ್ಚಿ, ಮರಳು ತುಂಬಿದ ಹಳೆಯ ದೋಣಿಯಲ್ಲಿ ಕಟ್ಟಿಗೆ ಬೆಂಕಿಯ ಪಕ್ಕ ಓರೆಯಾಗಿ ನೆಟ್ಟು ಸುಡುವುದು. ಕಲ್ಲುಪ್ಪು ಬಿಟ್ಟರೆ ಮಸಾಲೆಯಿಲ್ಲ. ಮೇ, ಜೂನ್, ಜುಲೈ, ಆಗಸ್ಟ್ ಈ ನಾಲ್ಕು ತಿಂಗಳಲ್ಲಿ ಮೀನಿಗೆ ಕೊಬ್ಬು ತುಂಬಿ ರುಚಿ ಹೆಚ್ಚು. ದಂಡೆಯ ಗುಡಿಸಲು ಹೋಟೆಲಿಗೆ 'ಚಿರಿಂಗೀತೊ' ಎನ್ನುತ್ತಾರೆ, ಎಲ್ ಪಾಲೊದಲ್ಲಿ ಸಾಲುಸಾಲು ಇವೆ. ಕೈಯಲ್ಲೇ ತಿನ್ನಿ, ಅವರೂ ಹಾಗೇ ತಿನ್ನುವುದು.

ಕಾಫಿಗೆ ಮಾಲಗಾದಲ್ಲಿ ಪ್ರಮಾಣದ ಪ್ರಕಾರ ಬೇರೆ ಬೇರೆ ಹೆಸರಿದೆ. 'ನುಬೆ' ಎಂದರೆ ಮೋಡ, ಹಾಲೇ ಹೆಚ್ಚು. 'ಸೊಂಬ್ರಾ', ನೆರಳು, ಅದಕ್ಕಿಂತ ತುಸು ಗಟ್ಟಿ. 'ಮಿತಾದ್' ಅರ್ಧಕ್ಕರ್ಧ. ನಮ್ಮ ಫಿಲ್ಟರ್ ಕಾಫಿಯ ನಾಲಿಗೆಗೆ ಮಿತಾದ್ ಹೊಂದುತ್ತದೆ.

ಹಂತ 9: ಹೊರಗಿನ ಮೂರು ದಿನ

ಗ್ರಾನಡಾ ಒಂದು ದಿನ. ಕಮಿನಿತೊ ಅಥವಾ ರೋಂಡಾ ಒಂದು ದಿನ. ನೇರ್ಹಾ, ಫ್ರಿಹಿಲಿಯಾನಾ ಸೇರಿ ಒಂದು ದಿನ. ಇದಕ್ಕಿಂತ ಹೆಚ್ಚು ತುರುಕಬೇಡಿ. ನಡುವೆ ಒಂದೊಂದು ದಿನ ಬಿಡುವಿರಲಿ.

ಕಮಿನಿತೊಗೆ ರೈಲಿನಲ್ಲಿ ಹೋಗುವವರು ಗಮನಿಸಿ. ನೀವು ಇಳಿಯುವ ಎಲ್ ಚೊರ್ರೊ ನಿಲ್ದಾಣ ನಡಿಗೆ ಮುಗಿಯುವ ತುದಿ. ನಡಿಗೆ ಶುರುವಾಗುವುದು ಉತ್ತರದ ಅರ್ದಾಲೆಸ್ ಕಡೆಯಿಂದ. ಎರಡು ತುದಿಗಳ ನಡುವೆ ಓಡಾಡುವ ಬಸ್ಸು ಹತ್ತಿ, ಇಳಿದ ಮೇಲೂ ಒಂದೂವರೆ ಕಿಲೋಮೀಟರಿನಷ್ಟು ನಡೆದರೆ ಪ್ರವೇಶದ್ವಾರ. ಟಿಕೆಟಿನ ಸಮಯಕ್ಕೆ ಒಂದೂವರೆ ಗಂಟೆ ಮುಂಚೆ ಎಲ್ ಚೊರ್ರೊದಲ್ಲಿರಿ. ಹೆಲ್ಮೆಟ್ ಅವರೇ ಕೊಡುತ್ತಾರೆ. ಚಪ್ಪಲಿ ಬೇಡ, ಬೂಟು ಬೇಕು. ಜೋರು ಗಾಳಿ, ಮಳೆಯಿದ್ದರೆ ಆ ದಿನ ಮುಚ್ಚುತ್ತಾರೆ, ಹೊರಡುವ ಮೊದಲು ವಿಚಾರಿಸಿ.

ರೋಂಡಾದಲ್ಲಿ ನೋಡುವುದು ಪುಎಂತೆ ನುಎವೊ, 'ಹೊಸ ಸೇತುವೆ'. 1793ರಲ್ಲಿ ಮುಗಿದದ್ದಕ್ಕೆ ಇನ್ನೂ ಅದೇ ಹೆಸರು. 98 ಮೀಟರ್ ಎತ್ತರ, ಊರನ್ನು ಸೀಳಿರುವ ಕಮರಿಯ ಎರಡು ದಡಗಳನ್ನು ಹೊಲಿದಂತೆ ನಿಂತಿದೆ. ಸೇತುವೆಯ ಮೇಲೆ ನಿಂತರೆ ಸೇತುವೆ ಕಾಣುವುದಿಲ್ಲ. ಕೆಳಗಿಳಿಯುವ ಕಾಲುದಾರಿ ಹಿಡಿದು ಅರ್ಧದವರೆಗಾದರೂ ಹೋಗಿ ತಲೆಯೆತ್ತಿ ನೋಡಿ.

ನೇರ್ಹಾದ ಗುಹೆಯನ್ನು 1959ರ ಜನವರಿ 12ರಂದು ಐವರು ಹುಡುಗರು ಕಂಡುಹಿಡಿದರು. ಒಳಗೆ ಸುಣ್ಣದ ಹನಿ ಸಾವಿರಾರು ವರ್ಷ ತೊಟ್ಟಿಕ್ಕಿ ಬೆಳೆದ ಕಂಬಗಳು. ಒಂದರ ಎತ್ತರ 32 ಮೀಟರ್. ಗುಹೆ ಇರುವುದು ಊರಿನಿಂದ ಕೆಲವು ಕಿಲೋಮೀಟರ್ ಆಚೆ. ಬೆಳಗ್ಗೆ ಮೊದಲು ಗುಹೆ ಮುಗಿಸಿ, ಊರಿಗೆ ಮರಳಿ ಕಡಲಂಚಿನ 'ಬಲ್ಕೋನ್ ದೆ ಎವ್ರೋಪಾ'ದಲ್ಲಿ ನಿಂತು, ಮಧ್ಯಾಹ್ನದ ಮೇಲೆ ಬಸ್ಸಿನಲ್ಲಿ ಫ್ರಿಹಿಲಿಯಾನಾಕ್ಕೆ ಹೋಗಿ. ಸುಣ್ಣ ಬಳಿದ ಮನೆಗಳ ಗುಡ್ಡದೂರು, ಮೆಟ್ಟಿಲೇ ಮೆಟ್ಟಿಲು. ಕೊನೆಯ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಬರೆದುಕೊಳ್ಳಿ.

ಅರ್ಧ ದಿನ ಉಳಿದರೆ ಅದೇ ಸಿ1 ರೈಲಿನಲ್ಲಿ ಬೆನಲ್ಮಾದೆನಾಕ್ಕೆ ಹೋಗಿ. ಅಲ್ಲಿ 33 ಮೀಟರ್ ಎತ್ತರದ ಟಿಬೆಟಿ ಶೈಲಿಯ ಬೌದ್ಧ ಸ್ತೂಪವಿದೆ, 2003ರಲ್ಲಿ ತೆರೆದದ್ದು. ಬೈಲಕುಪ್ಪೆ ನೋಡಿ ಬೆಳೆದವರಿಗೆ ಮೆಡಿಟರೇನಿಯನ್ ಎದುರು ಆ ಬಿಳಿ ಗುಮ್ಮಟ ಕಾಣುವುದೇ ಒಂದು ಸಂತೋಷ.

ಹಂತ 10: ದುಡ್ಡು, ಜೋಪಾನ, ಮರಳುವಿಕೆ

ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಯಂತ್ರ "ರೂಪಾಯಿಯಲ್ಲೋ ಯೂರೊದಲ್ಲೋ" ಎಂದು ಕೇಳಿದರೆ ಯಾವಾಗಲೂ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರವೇ ದರ, ನಿಮಗೆ ನಷ್ಟ. ಬಸ್ಸಿಗೆ, ಮಾರುಕಟ್ಟೆಗೆ ಚಿಲ್ಲರೆ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಕೋಣೆಯಲ್ಲಿರಲಿ, ನಕಲು ಜೊತೆಗಿರಲಿ. ಅಲ್ಹಾಂಬ್ರಾ, ಕಮಿನಿತೊ ದಿನಗಳಲ್ಲಿ ಮಾತ್ರ ಅಸಲಿಯೇ ಬೇಕು. ನಲ್ಲಿ ನೀರು ಕುಡಿಯಬಹುದು. ಯಾವ ಆಪತ್ತಿಗೂ 112.

ಬೇಸಿಗೆಯ ಸಂಜೆ ಹಳೆಯ ಊರಲ್ಲಿ ಬಿಳಿ ಅಂಗಿ ತೊಟ್ಟ ಗಂಡಸರು ಕಳ್ಳಿಯ ದಪ್ಪ ಎಲೆಗೆ ಬಿಳಿ ಚೆಂಡುಗಳನ್ನು ಚುಚ್ಚಿಕೊಂಡು ಮಾರುತ್ತಾ ಬರುತ್ತಾರೆ. ಅದು 'ಬಿಸ್ನಾಗಾ', ಈ ಊರಿನ ಗುರುತು. ಒಣಗಿದ ಕಾಡುಗಿಡವೊಂದರ ಕಡ್ಡಿಗಳಿಗೆ ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಪೋಣಿಸಿರುತ್ತಾರೆ, ರಾತ್ರಿಯಾಗುತ್ತಿದ್ದಂತೆ ಅರಳಿ ಕೋಣೆಯೆಲ್ಲ ಘಮಘಮ. ನಾವು ದಾರದಲ್ಲಿ ಕಟ್ಟುವುದನ್ನು ಅವರು ಕಡ್ಡಿಯಲ್ಲಿ ಕಟ್ಟುತ್ತಾರೆ. ಒಂದು ಕೊಂಡು ದಿಂಬಿನ ಪಕ್ಕ ಇಟ್ಟುಕೊಳ್ಳಿ. ಬೆಳಗ್ಗೆಗೆ ಬಾಡುತ್ತದೆ, ಊರಿಗೆ ತರಲಾಗದು.

ತರಬಹುದಾದದ್ದು ಕಬ್ಬಿನ ಪಾಕದ ಬಾಟಲಿ ಮತ್ತು ಆಲಿವ್ ಎಣ್ಣೆ. ಎರಡೂ ದ್ರವ ಪದಾರ್ಥ, ಕೈಚೀಲದಲ್ಲಿ 100 ಮಿಲಿಲೀಟರ್ ದಾಟಿದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿ, ಚೆಕ್-ಇನ್ ಪೆಟ್ಟಿಗೆಯ ನಡುವೆ ಇಡಿ.